ಅಸ್ತರ್ ಗಲ್ಲಿಯ ಶೇಕಡಾ ನೂರು

ಹೈದರಾಬಾದಿನ ಸುಲ್ತಾನ್ ಬಜಾರಿನ ಸಮಸ್ತ ವ್ಯಾಪಾರಸ್ಥರು, ಗಿರಾಕಿಗಳು, ಹೂವಿನವರು, ಬಳೆಯವರು ಮತ್ತು ದಾರಿ ತಪ್ಪಿ ಗಲ್ಲಿಯೊಳಗೆ ನುಗ್ಗಿದ ಸ್ಕೂಟರಿನವರ ಗಮನಕ್ಕೆ ತರುವುದೇನೆಂದರೆ, ಅಸ್ತರ್ ಗಲ್ಲಿಯ ಶ್ರೀಮತಿ ಶಾರದಾಬಾಯಿಯವರ ಸಂಡಾಸದ ಬಾಗಿಲಿನ ಒಳಚಿಲಕವು, ದೀರ್ಘಕಾಲದ ನಿಷ್ಠಾವಂತ ಸೇವೆಯ ನಂತರ, ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ಸೀರೆ ಅಂಗಡಿಯ ಸ್ನೇಹಲತಾಳ ಕೈಯಲ್ಲೇ ಕೊನೆಯುಸಿರೆಳೆಯಿತು.

ಸ್ನೇಹಲತಾ ಒಳಗೇ ಇದ್ದಳು. ಒಂದು ಕಾಲಿನಿಂದ ಬಾಗಿಲು ಒತ್ತಿ ಹಿಡಿದು, ಕಿತ್ತುಬಂದ ಚಿಲಕವನ್ನ ಮುಷ್ಟಿಯಲ್ಲಿಟ್ಟುಕೊಂಡು, "ಒಳಗ ಇದೀನಿ! ಒಳಗ ಇದೀನಿ!" ಅಂತ ಕೂಗುತ್ತಿದ್ದಳು.

"ಗೊತ್ತಾತ ಬಿಡವ್ವಾ, ಇಡೀ ಬಜಾರಕ್ಕ ಗೊತ್ತಾತು," ಅಂದಳು ಹೊರಗೆ ಮೆಟ್ಟಿಲ ಮೇಲೆ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತ ಗಂಗಾಬಾಯಿ. "ಲಗೂನ ಬಾ. ಮಲ್ಲಿಗಿ ಬಾಡಿದ್ರ ಬಾಡ್ಲಿ, ಇಲ್ಲಿ ನಾನ ಬಾಡಾಕತ್ತೀನಿ."

ಗಂಗಾಬಾಯಿಯ ಹಿಂದೆ ಬಳೆ ಅಂಗಡಿಯ ಹುಡುಗಿ, ಅವಳ ಹಿಂದೆ ಸೀರೆಯಂಚು ಹೊಲಿಯುವ ಪಿಕೋ ಮಷೀನಿನ ಅಕ್ಕ, ಅವಳ ಹಿಂದೆ ಜರಿ ಅಂಗಡಿಯ ಬಸುರಿ ಕಾವ್ಯಾ. ಎಲ್ಲರ ಹಿಂದೆ, ಧೋತರದ ಚುಂಗು ಎತ್ತಿ ಹಿಡಿದುಕೊಂಡು, ಮನೆಯ ಯಜಮಾನ ಶಿವಶರಣಪ್ಪ.

"ಸರೀರವ್ವಾ, ನಾ ಹೋಗ್ಬೇಕು."

"ಕಾಕಾರ, ಲೈನ್ ಐತ್ರಿ."

"ಏ, ಇದು ನನ್ನ ಮನಿ!"

"ಮನಿ ನಿಮ್ದರಿ," ಅಂದಳು ಪಿಕೋ ಅಕ್ಕ, "ಲೈನು ಎಲ್ಲಾರದು."

ಶಿವಶರಣಪ್ಪ ಅಲ್ಲೇ ನಿಂತ. ತನ್ನ ಮನೆಯಲ್ಲಿ ತನಗೇ ನಂಬರ್ ಹತ್ತದ ಗಂಡಸು ಈ ಊರಿನಲ್ಲಿ ತಾನೊಬ್ಬನೇ ಇರಬೇಕು ಅಂತ ಗೋಡೆಗೆ ಹೇಳಿದ. ಗೋಡೆ ಮಾತಾಡಲಿಲ್ಲ, ಒಂದು ಹನಿ ನೀರು ಬಿಟ್ಟಿತು.

ಆ ಹನಿಯದ್ದೇ ಒಂದು ಪುರಾಣ. ಅಸ್ತರ್ ಗಲ್ಲಿ ಅಂದರೆ ಬ್ಲೌಸ್ ಪೀಸು, ಅದರೊಳಗೆ ಹಚ್ಚುವ ಅಸ್ತರಿನ ಬಟ್ಟೆ, ಫಾಲು, ಜರಿ, ಗುಂಡಿ. ಕೊಳ್ಳುವವರೆಲ್ಲ ಹೆಂಗಸರು, ಮಾರುವವರಲ್ಲೂ ಮುಕ್ಕಾಲು ಹೆಂಗಸರು. ಮೊದಲೆಲ್ಲ ಪ್ರತಿ ಅಂಗಡಿಯ ಮೇಲೂ ಒಂದು ಸಂಸಾರ ಇತ್ತು. ಸಂಸಾರಗಳು ಒಂದೊಂದಾಗಿ ಇಳಿದು ಹೋದವು, ಗೋದಾಮುಗಳು ಒಂದೊಂದಾಗಿ ಏರಿ ಬಂದವು. ಈಗ ಇಡೀ ಗಲ್ಲಿಗೆ ಉಳಿದದ್ದು ಒಂದೇ ಮನೆ, ಶಿವಶರಣಪ್ಪನ ಮ್ಯಾಚಿಂಗ್ ಸೆಂಟರಿನ ಮೇಲಿನದು. ಒಂದೇ ಮನೆ, ಒಂದೇ ಸಂಡಾಸ, ಒಬ್ಬಳೇ ಶಾರದಾಬಾಯಿ. ಆ ಸಂಡಾಸಕ್ಕೆ ಕೀಲಿ ಹಾಕುವುದು ಆಕೆಗೆ ಹುಟ್ಟಿನಿಂದಲೇ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದಿದೆ ನಿಜ. ಅದರ ಗಂಡಸರ ಕಡೆ ಬಾಗಿಲಿಲ್ಲ, ಹೆಂಗಸರ ಕಡೆ ಬಾಗಿಲಿದೆ, ಬಾಗಿಲಿಗೆ ಬೀಗವಿದೆ, ಒಳಗೆ ಪೊರಕೆಗಳು ನೆಮ್ಮದಿಯಾಗಿ ವಾಸವಾಗಿವೆ.

ಹೀಗಾಗಿ ಅಸ್ತರ್ ಗಲ್ಲಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಹಳಬರು ಮೊದಲು ಕಲಿಸುವುದು ಬಣ್ಣ ಹೊಂದಿಸುವುದನ್ನಲ್ಲ, ನೀರು ಕುಡಿಯದಿರುವುದನ್ನ. ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ, ರಾತ್ರಿ ಮನೆಗೆ ಹೋಗಿ ಒಂದು ತಂಬಿಗೆ. ಸೀರೆ ಅಂಗಡಿಯ ಸ್ನೇಹಲತಾ ಈ ವ್ರತವನ್ನ ಭಕ್ತಿಯಿಂದ ಪಾಲಿಸಿದ್ದಳು. ವ್ರತ ಫಲ ಕೊಟ್ಟಿತು. ಹೋದ ಬೇಸಿಗೆಯಲ್ಲಿ ಚಳಿಜ್ವರ, ಸೊಂಟನೋವು, ಮಲ್ಕಾಜ್‌ಗಿರಿಯ ದವಾಖಾನೆಯ ಮಂಚ. "ಇನ್ನೊಂದ್ಸಲ ಹಿಡ್ಕೊಂಡು ಕೂತರೆ ಕಿಡ್ನಿ ನಿನ್ನ ಮಾತು ಕೇಳೋದಿಲ್ಲ," ಅಂದಿದ್ದಳು ಡಾಕ್ಟರಮ್ಮ. ಅಂದಿನಿಂದ ಸ್ನೇಹಲತಾ ಬಾಟಲಿ ತರುತ್ತಾಳೆ, ಕುಡಿಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ. ಅಂಗಡಿಯ ಸೇಟು ಗಡಿಯಾರ ನೋಡುತ್ತಾನೆ. ಇವಳು ಸೇಟನ್ನ ನೋಡುತ್ತಾಳೆ.

ಆದರೆ ಪೈಪು ಅಷ್ಟು ಗಟ್ಟಿ ಜೀವದ್ದಲ್ಲ. ಅದು ಸೋರಿ, ಗೋಡೆಯೊಳಗೆ ಇಳಿದು, ಕೆಳಗೆ ಅಂಗಡಿಯಲ್ಲಿ ಗುಲಾಬಿ ಬಣ್ಣದ ಅಸ್ತರಿನ ಥಾನಿನ ಮೇಲೆ ಹಳದಿ ನಕ್ಷೆ ಬರೆದಿತ್ತು. ನೋಡಲು ಬಂದ ಪ್ಲಂಬರ್, "ಈ ಪೈಪ್ ಹಾಕಿದ್ದು ಸಂಸಾರಕ್ಕೆ, ಸಂತೆಗಲ್ಲ," ಅಂತ ತೀರ್ಪು ಕೊಟ್ಟು ಹೋಗಿದ್ದ.

ಆ ದಿನ ಸರದಿ ಬಂದು, ಹೋಗಿ, ಹೊರಗೆ ಬಂದ ಶಿವಶರಣಪ್ಪ ಮೆಟ್ಟಿಲ ಮೇಲೆ ನಿಂತೇ ಘೋಷಿಸಿದ: "ಕೇಳ್ರಿ ಎಲ್ಲಾರೂ. ದಸರಾ ತನಕ ನಡೀಲಿ. ದಸರಾ ಮುಗಿದ ಮ್ಯಾಲ ನಾ ಕೀಲಿ ಹಾಕಾಂವ. ಮ್ಯಾಲಿಂದು ಕೆಳಗ ಬಂದ್ರ ನನ್ನ ಧಂದೆ ತೊಳಕೊಂಡು ಹೋಗ್ತೈತಿ."

"ಏನ್ರೀ, ಮಂದಿ ಮುಂದ ಏನ್ ಮಾತಿದು," ಅಂದಳು ಅಡಿಗೆಮನೆಯಿಂದ ಶಾರದಾಬಾಯಿ.

"ಮಂದಿಗೇ ಹೇಳಾಕತ್ತೀನಿ!"

ಯಾರೂ ನಗಲಿಲ್ಲ. ಸ್ನೇಹಲತಾ ಕೈಯಲ್ಲಿದ್ದ ಚಿಲಕ ನೋಡಿದಳು. ಕೀಲಿ ಬಿದ್ದರೆ ಮುಂದೆ ಎರಡೇ ದಾರಿ, ನೀರು ಬಿಡಬೇಕು ಇಲ್ಲಾ ನೌಕರಿ ಬಿಡಬೇಕು. ಎರಡನ್ನೂ ಬಿಡುವ ಮನಸ್ಸು ಅವಳಿಗಿರಲಿಲ್ಲ.

ಮರುದಿನ ಸೇಟಿಗೆ ಹಲ್ಲುನೋವು ಅಂತ ಹೇಳಿ ವಾರ್ಡ್ ಕಚೇರಿಗೆ ಹೋದಳು.

ವಾರ್ಡಿನ ಸಾಹೇಬರ ಮಾತು ಅರ್ಧ ತೆಲುಗು, ಅರ್ಧ ಉರ್ದು; ಅರ್ಥ ಮಾತ್ರ ಪೂರ್ತಿ ಸರ್ಕಾರಿ. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಇಡೀ ವಾರ್ಡಿನ ನಕ್ಷೆ ಇತ್ತು. ಎಲ್ಲಾ ಹಸಿರು. ಸುಲ್ತಾನ್ ಬಜಾರಿನಲ್ಲಿ ಅಷ್ಟು ಹಸಿರನ್ನ ಸ್ನೇಹಲತಾ ಹಿಂದೆಂದೂ ಕಂಡಿರಲಿಲ್ಲ. ನಕ್ಷೆಯ ತಲೆಯ ಮೇಲೆ 'ನೈರ್ಮಲ್ಯ ಪ್ರಗತಿ' ಅಂತ ದೊಡ್ಡ ಅಕ್ಷರ. ಗೋಡೆಯ ಮೇಲೆ ಪ್ರಗತಿ ಇತ್ತು. ಇವಳು ಕೇಳಲು ಬಂದದ್ದು ಗತಿ.

"ಶೌಚಾಲಯ ಇಲ್ಲದ ಮನೆ ನಮ್ಮಲ್ಲಿ ಒಂದೂ ಇಲ್ಲ," ಅಂದರು ಸಾಹೇಬರು. "ಅಸ್ತರ್ ಗಲ್ಲಿಯಲ್ಲಿರೋದೇ ಒಂದು ಮನೆ. ಅದರಲ್ಲಿ ಶೌಚಾಲಯ ಇದೆ. ಅಂದರೆ ನೂರಕ್ಕೆ ನೂರು."

"ನಾವೆಲ್ಲ ಇದೀವಲ್ಲ ಸಾಹೇಬ್ರೇ, ಅಂಗಡಿಯವರು?"

"ನೀವು ರಾತ್ರಿ ಎಲ್ಲಿ ಮಲಗ್ತೀರಿ?"

"ಮಲ್ಕಾಜ್‌ಗಿರಿಯಲ್ಲಿ."

"ಅಲ್ಲಿ ಶೌಚಾಲಯ ಇದೆಯಾ?"

"ಇದೆ."

"ಮುಗೀತಲ್ಲಮ್ಮಾ! ಎಲ್ಲಿ ಮಲಗ್ತೀರೋ ಅಲ್ಲಿ ನಿಮ್ಮ ಲೆಕ್ಕ."

"ಮಲಗಿದಾಗ ನಾನು ಹೋಗೋದಿಲ್ಲ ಸಾಹೇಬ್ರೇ," ಅಂದಳು ಸ್ನೇಹಲತಾ. "ಎದ್ದಿದ್ದಾಗ ಹೋಗ್ತೀನಿ."

ಸಾಹೇಬರು ಇದನ್ನ ಅಧಿಕಪ್ರಸಂಗ ಅಂತ ತೀರ್ಮಾನಿಸಿ ಫೋನ್ ಎತ್ತಿಕೊಂಡರು. ಮಾನದಂಡ ಅನ್ನುವ ಮಾತಿನಲ್ಲಿ ಮಾನ ಮೊದಲು ಬರುತ್ತದೆ. ಕಚೇರಿಗೆ ಬರುವ ಹೊತ್ತಿಗೆ ದಂಡವಷ್ಟೇ ಉಳಿದಿರುತ್ತದೆ.

"ಇವ್ರ ನಕ್ಷೆಗೆ ನನ್ನ ಹಳೇ ಚಪ್ಲಿ," ಅಂತ ಕನ್ನಡದಲ್ಲಿ ಗೊಣಗುತ್ತ ಅವಳು ಹೊರಗೆ ಬಂದರೆ, ಹಿಂದಿನಿಂದ ಯಾರೋ, "ಅಕ್ಕಾರ, ಅಕ್ಕಾರ," ಅಂತ ಓಡಿ ಬಂದ. ಬಗಲಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ. ಹೆಸರು ಶರಣಕುಮಾರ, ಊರು ಬೀದರ್ ಕಡೆ. ಮನೆಮನೆಗೆ ಹೋಗಿ ಶೌಚಾಲಯ ಎಣಿಸುವ ಗುತ್ತಿಗೆ ಕೆಲಸ.

"ನೀವು ಶಾರದಾ ಕಾಕು ಗಲ್ಲಿಯವ್ರ ಹೌದಿಲ್ರಿ? ಒಂದು ಮಾತು ಹೇಳ್ತೀನಿ, ನಾ ಹೇಳೀನಂತ ಹೇಳಬ್ಯಾಡ್ರಿ. ನಕ್ಷೆ ಹಸಿರು ಐತಿ, ಆದ್ರ ನಿಮ್ಮ ಗಲ್ಲಿ ಇನ್ನಾ ಪಕ್ಕಾ ಆಗಿಲ್ಲ. ಆ ಮನಿ ಬೇಕಂತ ಕೊನಿಗೆ ಉಳಿಸ್ಯಾರ. ಶುಕ್ರವಾರ ಝೋನಲ್ ಮೇಡಂ ಬಂದು, ಮಂಟಪದ ಮ್ಯಾಲ, ಮೈಕಿನ್ಯಾಗ ಕಾಕೂನ್ನ ಪ್ರಶ್ನೆ ಕೇಳಿ, ತಾವ ಬಟನ್ ಒತ್ತತಾರ. ವಾರ್ಡು ಶೇಕಡಾ ನೂರು ಅಂತ ಬ್ಯಾಂಡ್ ಬಾರಿಸ್ತಾರ."

"ಬಾರಿಸ್ಲಿ. ನಮಗೇನು?"

"ಕೊನೀ ಪ್ರಶ್ನೆ ಐತ್ರಿ ಅಕ್ಕಾರ. 'ಮನೆಯವರಲ್ಲದೆ ಹೊರಗಿನವರೂ ಬಳಸುತ್ತಾರೆಯೇ?' ಅದಕ್ಕ ಕಾಕು 'ಹೌದು' ಅಂದ್ರ ಅದು ಹಂಚಿಕೊಂಡ ಸಂಡಾಸ ಆತು. ಹಂಚಿಕೊಂಡದ್ದು ಪೂರಾ ಲೆಕ್ಕಕ್ಕ ಬರಂಗಿಲ್ಲ. ಮನಿ ಹಳದಿ ಆಕ್ಕೈತಿ. ಒಂದು ಮನಿ ಹಳದಿ ಆದ್ರೂ ನೂರು ಇಲ್ಲ. ಅಲ್ಲಿ ಹತ್ರದಾಗ ಸಾರ್ವಜನಿಕ ಸಂಡಾಸ ಕಟ್ಟೋ ತನಕ ಸರ್ಟಿಫಿಕೇಟ್ ಕೊಡಂಗಿಲ್ಲ. ರೂಲು ಹಂಗೇ ಐತಿ."

ಸ್ನೇಹಲತಾ ಅವನನ್ನ ಅನುಮಾನದಿಂದ ನೋಡಿದಳು. "ನಿನಗ್ಯಾಕ ನಮ್ಮ ಮ್ಯಾಲ ಇಷ್ಟು ಮಮಕಾರ?"

ಶರಣಕುಮಾರ ತಲೆ ಕೆರೆದುಕೊಂಡ. "ವಾರ್ಡ್ ನೂರು ಆತಂದ್ರ ಎಣಿಸೋದು ಮುಗೀತು. ಎಣಿಸೋದು ಮುಗೀತಂದ್ರ ನನ್ನ ನೌಕರಿ ಜೀರೋ ಆತ್ರಿ."

ಈ ಪ್ರಾಮಾಣಿಕ ಸ್ವಾರ್ಥ ಅವಳಿಗೆ ಹಿಡಿಸಿತು.

ಗುರುವಾರ ಶರಣಕುಮಾರ ತಾಲೀಮಿಗೆ ಬಂದ. ಮೇಡಂ ಮುಂದೆ ಎಡವಟ್ಟಾಗಬಾರದು ಅಂತ ಸಾಹೇಬರೇ ಕಳಿಸಿದ್ದರು. ಹೊಸ ಚಿಲಕ ಬಿದ್ದಿತ್ತು. ಸ್ನೇಹಲತಾ, ಗಂಗಾಬಾಯಿ, ಪಿಕೋ ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಶಾರದಾಬಾಯಿ ರೊಟ್ಟಿ ಬಡಿಯುತ್ತಲೇ ಉತ್ತರ ಕೊಟ್ಟಳು. ಆಕೆಗೆ ತೆಲುಗು ಬರುತ್ತದೆ, ಹಿಂದಿ ಬರುತ್ತದೆ. ಚೌಕಾಸಿ ತೆಲುಗಿನಲ್ಲಿ, ಜಗಳ ಹಿಂದಿಯಲ್ಲಿ, ಖರೇ ಮಾತು ಮಾತ್ರ ಕನ್ನಡದಲ್ಲಿ.

"ಸಂಡಾಸ ಐತೇನ್ರಿ ಕಾಕು?"

"ಕಣ್ಣಿಲ್ಲೇನ ನಿನಗ?"

"ಐತಿ ಅನ್ರಿ ಸಾಕು. ನೀರು?"

"ಐತಿ."

"ಹೊರಗಿನವ್ರು ಯಾರಾರ ಬಳಸ್ತಾರೇನ್ರಿ?"

ಶಾರದಾಬಾಯಿ ರೊಟ್ಟಿಯನ್ನ ಹಂಚಿಗೆ ಹಾಕಿ, ಮೇಲೆ ನೀರು ಸವರಿ, "ಯಾರೂ ಇಲ್ಲಪ್ಪಾ," ಅಂದಳು.

"ಕಾಕೂ!" ಸ್ನೇಹಲತಾ ಒಳಗೇ ನುಗ್ಗಿದಳು. "ಯಾರೂ ಇಲ್ಲಂದ್ರ? ನಾನು? ದಿನಾ ಬರ್ತೀನಲ್ಲ?"

"ನೀ ಹೊರಗಿನಾಕಿ ಏನ?"

"ಮತ್ತ ಕಾವ್ಯಾ?"

"ಆಕಿ ಕುಬಸಕ್ಕ ಹಸರ ಸೀರಿ ಉಡಿಸಿ ಉಡಿ ತುಂಬಿದಾಕಿ ನಾನು. ಆಕಿ ಹೊರಗಿನಾಕಿ ಹೆಂಗಾಗ್ತಾಳ?"

"ಗಂಗಾಬಾಯಿ?"

"ನನ್ನ ದೇವ್ರ ಜಗಲಿಗೆ ದಿನಾ ಹೂ ಕೊಡಾಕಿ. ದೇವ್ರಿಗೇ ಒಳಗಿನಾಕಿ, ನನಗ ಹೊರಗಿನಾಕಿ?"

ಗಂಗಾಬಾಯಿಗೆ ಕಣ್ಣು ತುಂಬಿ ಬಂತು. "ಇದೇನು ಅಳೂ ಹೊತ್ತೇನ?" ಅಂತ ಪಿಕೋ ಅಕ್ಕ ಅವಳ ಮೊಣಕೈ ಹಿಂಡಿದಳು.

ಶರಣಕುಮಾರ ಟ್ಯಾಬು ತೀಡಿ ಸಹಾಯಕ್ಕೆ ಬಂದ. "ಕಾಕು, ಮನಿಯವ್ರು ಅಂದ್ರ ಹಂಗಲ್ರಿ. ಇಲ್ಲಿ ಬರ್ದಾರ, ಒಂದೇ ಒಲಿ ಮ್ಯಾಲಿನ ಅಡಿಗಿ ಉಣ್ಣೋರು ಅಂತ."

"ಹಂಗೇನ?" ಶಾರದಾಬಾಯಿಯ ಮುಖ ಅರಳಿತು. "ಏ ಸ್ನೇಹಾ, ನಿನ್ನೆ ಮಧ್ಯಾಹ್ನ ಏನ್ ಉಂಡಿ?"

"...ರೊಟ್ಟಿ, ಶೇಂಗಾ ಚಟ್ನಿ."

"ಯಾರ ಒಲಿ ಮ್ಯಾಲಿಂದು?"

ಸ್ನೇಹಲತಾ ಒಲೆಯ ಕಡೆ ನೋಡಿದಳು. ಇಡೀ ಗಲ್ಲಿ ಒಂದಲ್ಲ ಒಂದು ದಿನ ಆ ಒಲೆಯ ರೊಟ್ಟಿ ತಿಂದದ್ದೇ. ಲೆಕ್ಕದ ಪ್ರಕಾರ ಶಾರದಾಬಾಯಿಯ ಸಂಸಾರ ಹೈದರಾಬಾದಿನಲ್ಲೇ ದೊಡ್ಡದಾಯಿತು, ನಕ್ಷೆ ಇನ್ನಷ್ಟು ಹಸಿರಾಯಿತು.

ಈ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದ ಶಿವಶರಣಪ್ಪ, "ನಾ ಹೇಳ್ತೀನಿ ಬರ್ಕೊ! ಹೊರಗಿನವ್ರೇ ಬರ್ತಾರ! ಒಳಗಿನಾಂವಗ ಜಾಗಾ ಇಲ್ಲ!" ಅಂದ.

"ಕಾಕಾರ, ಮನಿ ಹೆಣ್ಮಗಳ ಉತ್ತರಾನೇ ತೊಗೋಬೇಕ್ರಿ. ಮಹಿಳಾ ಸಬಲೀಕರಣ."

"ಅಲ್ಲೂ ನಂಬರ್ ಇಲ್ಲ, ಇಲ್ಲೂ ನಂಬರ್ ಇಲ್ಲ," ಅಂತ ಶಿವಶರಣಪ್ಪ ಬಂದ ಮೆಟ್ಟಿಲನ್ನೇ ಇಳಿದ.

ಎಲ್ಲರೂ ಹೋದ ಮೇಲೆ ಸ್ನೇಹಲತಾ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಕಾಕು, ನಾಳೆ ಒಂದೇ ಒಂದ್ಸಲ ನನ್ನ ಹೊರಗಿನಾಕಿ ಅನ್ರಿ. ಮೈಕಿನ್ಯಾಗ ಅಂದು, ಮ್ಯಾಲ ಬಂದು ಬೇಕಾದ್ರ ಒಳಗಿನಾಕಿ ಅನ್ರಿ. ದಸರಾ ಆದ್ರ ಕಾಕಾ ಕೀಲಿ ಹಾಕ್ತಾರ. ಆಮ್ಯಾಲ ನಾ ಎಲ್ಲಿ ಹೋಗ್ಲಿ? ಕಾವ್ಯಾ ಎಲ್ಲಿ ಹೋಗ್ಲಿ?"

ಶಾರದಾಬಾಯಿ ಒಲೆಯ ಉರಿ ತಗ್ಗಿಸಿದಳು. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಇಳಿಯಿತು.

"ನಾ ಮದಿವ್ಯಾಗಿ ಈ ಗಲ್ಲಿಗೆ ಬಂದಾಗ ನಳದ ಮುಂದ ಕೊಡ ಹಿಡ್ಕೊಂಡು ನಿಂತ್ರ, 'ಬಾಹರ್ ವಾಲಿ, ಪೀಛೇ ಜಾ' ಅಂತಿದ್ರು. ಹೊರಗಿನಾಕಿ, ಹಿಂದ ಹೋಗು. ಹೊತ್ತು ಮುಳುಗೂತನಕ ನಿಂತೀನಿ. ಆ ಮಾತು ನನ್ನ ಬಾಯಾಗ ಬರಂಗಿಲ್ಲವ್ವಾ. ನೀ ಏನರ ಕೇಳು, ಕೊಡ್ತೀನಿ. ನಾಲಿಗಿ ಹೊಳ್ಳಂಗಿಲ್ಲ."

"ಅದು ಬರೇ ಲೆಕ್ಕಕ್ಕ ಕಾಕು."

"ನಿಮ್ಮ ಲೆಕ್ಕ ಸುಳ್ಳಾಗ್ಲಿ. ನಾ ಯಾಕ ಸುಳ್ಳಾಗ್ಲಿ?"

ಸ್ನೇಹಲತಾಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಎದ್ದು ನಿಂತು ಬಾಟಲಿಯ ನೀರು ಅಷ್ಟೂ ಗಟಗಟ ಕುಡಿದಳು. ಕುಡಿದ ಮೇಲೆ ಖಾಲಿ ಬಾಟಲಿಯನ್ನೇ ನೋಡುತ್ತ ನಿಂತಳು. ಆಮೇಲೆ ಸರಸರ ಕೆಳಗಿಳಿದು ವ್ಯಾಪಾರಿಗಳ ಸಂಘದವರ ಹತ್ತಿರ ಹೋಗಿ, "ನಾಳೆ ಮೇಡಂ ಅವರ ಅತಿಥಿ ಸತ್ಕಾರ ನಾನು ನೋಡ್ಕೋತೀನಿ," ಅಂದಳು. ಸಂಘದವರು ಸಂತೋಷದಿಂದ ಒಪ್ಪಿದರು. ಸತ್ಕಾರಕ್ಕೆ ಜನ ಸಿಗುವುದು ಕಷ್ಟ, ಸಲಹೆಗೆ ಸುಲಭ.

ಶುಕ್ರವಾರ ಗಲ್ಲಿಯ ಬಾಯಿಗೆ ಶಾಮಿಯಾನ ಬಂತು. ಹಸಿರು ಬಿಳಿ ಬಲೂನಿನ ಕಮಾನು ಬಂತು. ಕೆಂಪು ಕೋಟಿನ ಬ್ಯಾಂಡಿನವರು ಬಂದರು. ಎಲ್ಲ ಬಂದು, ಮೇಡಂ ಮಾತ್ರ ಮಧ್ಯಾಹ್ನ ಊಟದ ಹೊತ್ತಿಗೆ ಬಂದರು. ಪಾಪ, ಬೆಳಿಗ್ಗೆಯಿಂದ ಇದು ಅವರ ಮೂರನೇ ನೂರು. ಸಣ್ಣ ಕರಿಮಣಿ, ಗಂಜಿ ಹಾಕಿದ ಹತ್ತಿ ಸೀರೆ, ದಣಿದ ಕಣ್ಣು, ದಣಿಯದ ನಗೆ.

ಕೂತ ಕೂಡಲೇ ಸ್ನೇಹಲತಾ ಎಳನೀರು ಕೊಟ್ಟಳು. ಬಿಸಿಲಿತ್ತು, ಮೇಡಂ ಕುಡಿದರು. ಸಾಹೇಬರ ಸ್ವಾಗತ ಭಾಷಣ ಶುರುವಾಗಿ ಒಂದು ಹಂತಕ್ಕೆ ಬಂದಾಗ ಮಸಾಲೆ ಮಜ್ಜಿಗೆ ಬಂತು. ಎದುರಿಗೆ ಕ್ಯಾಮೆರಾ ಇತ್ತು, ಬೇಡ ಅನ್ನುವ ಹಾಗಿರಲಿಲ್ಲ. ಸಂಘದ ಅಧ್ಯಕ್ಷರ ಭಾಷಣಕ್ಕೆ ನಿಂಬೆ ಶರಬತ್ತು. ಸಾಹೇಬರು ಮತ್ತೆ ಎದ್ದು, ಪ್ರಗತಿಯ ಹತ್ತು ಮಜಲುಗಳನ್ನ ವಿವರಿಸುತ್ತೇನೆ ಅಂದಾಗ ಇರಾನಿ ಚಹಾ.

"ಏ, ಏನ್ ಮಾಡಾಕತ್ತಿ?" ಗಂಗಾಬಾಯಿ ಹಾರದ ಪೊಟ್ಟಣದ ಮರೆಯಿಂದ ಕೇಳಿದಳು. "ಆಕಿ ಹೊಟ್ಟಿ ಏನು ಹುಸೇನ್ ಸಾಗರೇನ?"

"ಅತಿಥಿ ಸತ್ಕಾರ," ಅಂದಳು ಸ್ನೇಹಲತಾ ಮುಖ ಅಲ್ಲಾಡಿಸದೆ.

ನೀರು ಕುಡಿಯದ ಗಲ್ಲಿ ಅವತ್ತು ಮೇಡಂಗೆ ನೀರು ಕುಡಿಸಿತು.

ನಾಲ್ಕನೇ ಮಜಲಿಗೆ ಮೇಡಂ ಬಲಗಾಲನ್ನ ಎಡಗಾಲ ಮೇಲೆ ಹಾಕಿದರು. ಐದನೇ ಮಜಲಿಗೆ ಎಡಗಾಲನ್ನ ಬಲಗಾಲ ಮೇಲೆ ಹಾಕಿದರು. ಏಳನೆಯದಕ್ಕೆ ದಣಿಯದ ನಗೆಯೂ ದಣಿಯಿತು. ಅವರು ಪಕ್ಕದ ಅಧ್ಯಕ್ಷರಿಗೆ ಏನೋ ಪಿಸುಗುಟ್ಟಿದರು. ಅಧ್ಯಕ್ಷರು ಸಾಹೇಬರ ಅಂಗಿ ಜಗ್ಗಿದರು. ಸಾಹೇಬರು ಮೈಕಿಗೆ ಕೈ ಅಡ್ಡ ಹಿಡಿದು ಶರಣಕುಮಾರನನ್ನ ಕರೆದರು. ಆ ಪಿಸುಮಾತು ಕಚೇರಿಯ ಫೈಲಿನ ಹಾಗೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ವರ್ಗವಾಗುತ್ತ ಕೊನೆಗೆ ಸ್ನೇಹಲತಾಳ ಹತ್ತಿರ ಬಂದು ನಿಂತಿತು.

"ಅಕ್ಕಾರ," ಅಂದ ಶರಣಕುಮಾರ, "ಮೇಡಂ ಅವ್ರಿಗೆ... ಹೋಗ್ಬೇಕಂತ್ರಿ."

"ಇಡೀ ವಾರ್ಡೇ ಹಸಿರು ಐತಲ್ಲಪಾ. ಎಲ್ಲಿ ಬೇಕಾದ್ರೂ ಹೋಗ್ಲಿ."

"ಅಕ್ಕಾರ!"

ಸ್ನೇಹಲತಾ ಮೇಡಂ ಅವರನ್ನ ಕರೆದುಕೊಂಡು ಮ್ಯಾಚಿಂಗ್ ಸೆಂಟರಿನ ಪಕ್ಕದ ಮೆಟ್ಟಿಲ ಹತ್ತಿರ ಬಂದಳು. ಅದು ಊಟದ ಹೊತ್ತು, ಸಾಲು ಕೆಳಗಿನ ಮೆಟ್ಟಿಲವರೆಗೂ ಇತ್ತು. ಇಷ್ಟು ದೊಡ್ಡ ಅಧಿಕಾರಿ ಬಂದರೂ ಯಾರೂ ಸರಿಯಲಿಲ್ಲ. ಪೊಗರಿನಿಂದಲ್ಲ, ಸರಿಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

"ಜರ ಆಗುಂಡ್ರಿ ಮೇಡಂ," ಅಂದಳು ಬಳೆ ಅಂಗಡಿಯ ತೆಲುಗು ಹುಡುಗಿ. "ಸ್ವಲ್ಪ ನಿಲ್ಲಿ, ಒಳಗೆ ಇದ್ದಾರೆ."

ಮೇಡಂ ನಿಂತರು. ಗೋಡೆಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ, ಎಲ್ಲರ ಹಾಗೆಯೇ ನಿಂತರು. ಒಂದೊಂದೇ ಮೆಟ್ಟಿಲು ಏರಿದರು. ಮೇಲಿನ ಮೆಟ್ಟಿಲಲ್ಲಿ ಕಾವ್ಯಾ ಇದ್ದಳು, ಒಂದು ಕೈ ಸೊಂಟಕ್ಕೆ, ಒಂದು ಕೈ ಗೋಡೆಗೆ. ಹಿಂದೆ ತಿರುಗಿ ಮೇಡಂ ಮುಖ ನೋಡಿದಳು. ಆ ಮುಖದ ಮೇಲೆ ಏನು ಬರೆದಿದೆ ಅಂತ ಆ ಮೆಟ್ಟಿಲ ಮೇಲೆ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ.

"ನೀವು ಹೋಗಿ ಮೇಡಂ," ಅಂದಳು ಕಾವ್ಯಾ ತೆಲುಗಿನಲ್ಲಿ. "ನಾನು ಇನ್ನೊಂಚೂರು ತಡೀತೀನಿ."

"ಎ..ಎಷ್ಟನೇ ತಿಂಗಳು?"

"ಎಂಟು."

ಮೇಡಂ ಬೇಡ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಹೊರಗೆ ಬಂದಾಗ ಶಾರದಾಬಾಯಿ ಹೊಸ ರೇಷ್ಮೆ ಸೀರೆಯುಟ್ಟು, ಮಂಟಪಕ್ಕೆ ಹೋಗಲು ತಯಾರಾಗಿ, ಕೈಯಲ್ಲಿ ಇಸ್ತ್ರಿ ಮಾಡಿದ ಬಿಳಿ ಟವೆಲ್ ಹಿಡಿದು ನಿಂತಿದ್ದಳು. "ಕೈ ಒರಸ್ಕೊಳ್ರಿ ತಾಯಿ." ಮೇಡಂ ತೆಗೆದುಕೊಂಡರು. ಕಾವ್ಯಾ ಅವರ ಪಕ್ಕದಿಂದ ಸರಕ್ಕನೆ ಒಳಗೆ ಹೋದಳು. ಕೆಳಗಿನಿಂದ ಸಾಹೇಬರು, "ಮೇಡಂ, ಮುಂದಿನ ಕಾರ್ಯಕ್ರಮ ಲೇಟಾಗ್ತಿದೆ," ಅಂತ ಅವಸರ ಮಾಡಿದರು. ಟವೆಲ್ ಕೈಯಲ್ಲಿ ಇದ್ದ ಹಾಗೆಯೇ ಇಬ್ಬರೂ ಮಂಟಪ ಏರಿದರು.

ಶರಣಕುಮಾರ ಟ್ಯಾಬು ಮೇಡಂ ಮುಂದಿಟ್ಟು, ಮೈಕನ್ನ ಶಾರದಾಬಾಯಿಯ ಬಾಯಿಗೆ ಹಿಡಿದ. ಮೇಡಂ ಒಂದೊಂದೇ ಪ್ರಶ್ನೆ ಓದುವರು, ಅವನು ಕನ್ನಡ ಮಾಡುವನು. ಸಾಹೇಬರು ಬ್ಯಾಂಡಿನವನಿಗೆ ಸನ್ನೆ ಮಾಡಿ, ಮೇಡಂ ಬೆರಳು ಕೆಳಗೆ ಹೋದ ತಕ್ಷಣ ಶುರು ಮಾಡು ಅಂತ ಹೇಳಿಟ್ಟರು.

"ಮನ್ಯಾಗ ಸಂಡಾಸ ಐತೇನ್ರಿ?"

"ಐತ್ರಿ."

ಚಪ್ಪಾಳೆ.

"ನೀರಿನ ವ್ಯವಸ್ಥಾ?"

"ಐತ್ರಿ."

ಮತ್ತೆ ಚಪ್ಪಾಳೆ.

"ಮನಿಯವ್ರನ್ನ ಬಿಟ್ಟು ಹೊರಗಿನವ್ರು ಯಾರಾರ ಬಳಸ್ತಾರೇನ್ರಿ?"

ಶಾಮಿಯಾನದ ಕಂಬಕ್ಕೆ ಒರಗಿದ್ದ ಸ್ನೇಹಲತಾ ಕಾಲ ಬೆರಳುಗಳನ್ನ ನೆಲಕ್ಕೆ ಒತ್ತಿ ನಿಂತಳು. ಶಾರದಾಬಾಯಿ ಅವಳನ್ನ ನೋಡಿದಳು. ಗಂಗಾಬಾಯಿಯನ್ನ, ಪಿಕೋ ಅಕ್ಕನನ್ನ, ಬಳೆ ಹುಡುಗಿಯನ್ನ, ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ ಮೇಡಂ ಅವರನ್ನೂ ನೋಡಿದಳು. ಹುಬ್ಬು ಗಂಟಿಕ್ಕಿತು.

"ಇಷ್ಟು ವರ್ಷ ಯಾರೂ ಬಂದಿಲ್ರಿ," ಅಂದಳು.

ಸಾಹೇಬರು ಮುಗುಳ್ನಕ್ಕರು.

"ಇವತ್ತ ಮಾತ್ರ ಒಬ್ರು ಬಂದಿದ್ರು."

ಶರಣಕುಮಾರ ತೆಲುಗು ಮಾಡಿದ. "ಯಾರು?" ಅಂತ ಕೇಳಿದರು ಮೇಡಂ, ಕೇಳಿದ ಕೂಡಲೇ ಕೇಳಬಾರದಿತ್ತು ಅನ್ನುವುದು ಹೊಳೆದವರ ಹಾಗೆ ತುಟಿ ಕಚ್ಚಿಕೊಂಡರು.

"ನೀವರಿ," ಅಂದಳು ಶಾರದಾಬಾಯಿ, ತುಂಬ ಮರ್ಯಾದೆಯಿಂದ.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಶಾಮಿಯಾನದ ತುದಿವರೆಗೂ ಹೋಗಿ ಹೊಳ್ಳಿ ಬಂತು. ಸಾಹೇಬರು ಶರಣಕುಮಾರನ ಕಿವಿಗೆ ಬಾಯಿಟ್ಟರು. "ಅತಿಥಿಗಳು ಲೆಕ್ಕಕ್ಕಿಲ್ಲ. ಇಲ್ಲ ಅಂತ ಹಾಕು."

"ಸರ್, ಒಬ್ಬರಾದರೂ, ಒಂದು ಸಲವಾದರೂ ಅಂತಿದೆ. ಮನೆಯ ಒಲೆ ಮೇಲಿನದನ್ನ ಉಂಡವರನ್ನ ಬಿಟ್ಟು ಎಲ್ಲರೂ ಹೊರಗಿನವರೇ ಸರ್. ಮೈಕು ಚಾಲೂ ಇದೆ ಸರ್."

ಮೈಕು ಚಾಲೂ ಇತ್ತು. ಗಲ್ಲಿಯ ಕೈಗಳಲ್ಲಿ ಫೋನುಗಳೂ ಚಾಲೂ ಇದ್ದವು.

"ಅದಕ್ಕ್ಯಾಕ ಇಷ್ಟು ವಿಚಾರ?" ಶಾರದಾಬಾಯಿಗೆ ನಿಜವಾಗಿಯೂ ಬೇಜಾರಾಗಿತ್ತು, ಬಂದವರನ್ನ ಮುಜುಗರಕ್ಕೆ ಹಾಕಿದೆನಲ್ಲ ಅಂತ. "ಮೇಡಂ ಮ್ಯಾಲ ಬರ್ಲಿ. ಬಿಸಿ ರೊಟ್ಟಿ ಅದಾವು, ಪುಂಡಿಪಲ್ಯಾ ಐತಿ. ಎರಡು ತುತ್ತು ಉಂಡ್ರ ಅವ್ರೂ ನಮ್ಮ ಮನಿಯವ್ರ. ಆಮ್ಯಾಲ ಯಾರೂ ಇಲ್ಲಂತ ಬರ್ಕೊಳ್ರಿ, ನಾ ಬ್ಯಾಡನ್ನಂಗಿಲ್ಲ."

ಸಾಹೇಬರ ಮುಖಕ್ಕೆ ಜೀವ ಬಂತು. ಶರಣಕುಮಾರ ತೆಲುಗು ಮಾಡುವ ಮೊದಲೇ ಅರ್ಥ ಮಾಡಿಕೊಂಡಿದ್ದರು. "ಎರಡೇ ತುತ್ತು ಮೇಡಂ," ಅಂದರು. "ಮುಂದಿನ ಕಾರ್ಯಕ್ರಮಕ್ಕೆ ನಾನು ಫೋನ್ ಮಾಡ್ತೀನಿ. ಎರಡೇ ತುತ್ತು. ವಾರ್ಡಿನ ಸಲುವಾಗಿ."

ಮೇಡಂ ಗಲ್ಲಿಯ ಕಡೆ ತಿರುಗಿದರು. ಮಂಟಪದಿಂದ ಮ್ಯಾಚಿಂಗ್ ಸೆಂಟರಿನ ಮೆಟ್ಟಿಲು ನೇರ ಕಾಣುತ್ತಿತ್ತು. ಕಾವ್ಯಾ ಗೋಡೆ ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ನಿಂತು, ಇಳಿದು ಬರುತ್ತಿದ್ದಳು. ಅವಳು ನೆಲಕ್ಕೆ ಕಾಲಿಡುವ ತನಕ ಮೇಡಂ ನೋಡಿದರು. ಆಮೇಲೆ ಮೈಕನ್ನ ತಮ್ಮ ಕಡೆ ಎಳೆದುಕೊಂಡರು.

"ನನಗೆ ಹಸಿವಿಲ್ಲ," ಅಂದರು.

ಬೆರಳು ಕೆಳಗೆ ಹೋಯಿತು. ಟ್ಯಾಬಿನೊಳಗೆ ಅಸ್ತರ್ ಗಲ್ಲಿ ಹಳದಿಯಾಯಿತು. ಹೇಳಿಟ್ಟ ಹಾಗೆ ಬ್ಯಾಂಡಿನವರು ಶುರು ಮಾಡಿದರು. ಸಾಹೇಬರು ಎರಡೂ ಕೈ ಬೀಸಿ ಬೇಡ ಬೇಡ ಅಂದಷ್ಟೂ, ಜೋರಾಗಿ ಅಂದುಕೊಂಡು, ಜೋರಾಗಿ ಬಾರಿಸಿದರು. ಸ್ನೇಹಲತಾ ಖಾಲಿ ಲೋಟಗಳ ತಟ್ಟೆ ಎತ್ತಿಕೊಂಡವಳು ಅದನ್ನ ಎಲ್ಲಿಡಬೇಕು ಅಂತ ತಿಳಿಯದೆ ಹಾಗೇ ನಿಂತಳು.

ಆ ಗದ್ದಲದ ನಡುವೆ ಮೇಡಂ ಕೈಯಲ್ಲಿದ್ದ ಟವೆಲನ್ನ ಕಂಡರು. ಅದನ್ನ ನಿಧಾನಕ್ಕೆ ಮಡಚಿದರು. ಅಂಚಿಗೆ ಅಂಚು ಕೂಡಿಸಿ ಇನ್ನೊಮ್ಮೆ ಮಡಚಿ, ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಎದುರಿನ ಮೆಟ್ಟಿಲ ಮೇಲೆ ಸಾಲು ಒಂದು ಮೆಟ್ಟಿಲು ಮುಂದೆ ಸರಿಯಿತು.